ಗೌರಿಹೂವಿನ ಕುಲಗೋತ್ರ

ನದೀಮೂಲವನ್ನೂ ಋಷಿಮೂಲವನ್ನೂ ವಿಚಾರಿಸಬಾರದೆಂದು ನಮ್ಮ ಹಿರಿಯರು ಹೇಳುವುದುಂಟು. ಹೂವಿನ ಮೂಲವನ್ನು ವಿಚಾರಿಸಬಾರದೆಂದು ಮಾತ್ರ ಅವರು ಎಲ್ಲಿಯೂ ವಿಧಿಸಿದಂತೆ ಕಾಣದು. ಆ ಧೈರ್ಯದಿಂದಲೇ ಈ ಹೊತ್ತು ನಮ್ಮ ಕಾಡಂಚಿನ ಒಂದು ಹೂವಿನ ಕುಲಗೋತ್ರಗಳ ಕಥೆಯನ್ನು ತಮ್ಮ ಮುಂದೆ ನಿವೇದಿಸಲು ತೊಡಗಿದ್ದೇನೆ.

ಮುಂಗಾರಿನ ಮೊದಲ ಮಳೆಗಳಿಂದ ನೆಲ ನೆನೆದು ತಂಪಾದಮೇಲೆ ಮಲೆನಾಡಿನ ಕಾಡುಗಳ ಅಂಚಿನಲ್ಲಿಯೂ, ಬಿದಿರುಮೆಳೆಗಳ ಸಂದಿನಲ್ಲಿಯೂ, ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲಿಯೂ ಒಂದು ಕೋಮಲವಾದ ಬಳ್ಳಿಯು ತಲೆಯೆತ್ತುತ್ತದೆ. ಇದಕ್ಕೆ ಹೀರೆ ಸೋರೆಗಳಿಗಿರುವಂತೆ ಬೇರೆಯಾದ ಕುಡಿಬಳ್ಳಿಗಳಿಲ್ಲ. ಎಲೆಯ ತುದಿಯೇ ನೀಳವಾಗಿ ಬೆಳೆದು, ಸುರುಳಿ ಸುತ್ತಿ, ಸಮೀಪದಲ್ಲಿ ಸಿಕ್ಕಿದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಶ್ರಾವಣವು ಕಳೆಯುವ ವೇಳೆಗೆ ಬಳ್ಳಿಯು ಹೂವಿನಿಂದ ತುಂಬಿರುತ್ತದೆ. ಹೂವಿಗೆ ಆರು ಎಸಳುಗಳು. ಅವುಗಳ ಅಂಚು ಅಲೆಅಲೆಯಾಗಿರುವುದು. ಮೊದಲು ಹಸುರು, ಅನಂತರ ಬುಡದಲ್ಲಿ ಹಳದಿ ಮತ್ತು ತುದಿಯಲ್ಲಿ ಕೆಂಪು, ಕಡೆಗೆ ಬಹುಮಟ್ಟಿಗೆ ಎಲ್ಲವೂ ಕೆಂಪು. ಹೀಗೆ ದಿನದಿನಕ್ಕೆ ಬಣ್ಣವು ಮಾರ್ಪಡುತ್ತದೆ. ಹೂವು ನೆಲದ ಕಡೆಗೆ ಬಾಗಿದ್ದರೂ ಎಸಳುಗಳು ಹಿಂದಕ್ಕೆ ಮಡಿಚಿಕೊಂಡು ಮೇಲ್ಮುಖವಾಗಿ ನಿಲ್ಲುವುದರಿಂದ, ದೂರದಿಂದ ನೋಡುವವರಿಗೆ ಹಸುರು ಪೊದೆಯ ನಡುವೆ ಯಾರೋ ಸಣ್ಣಸಣ್ಣ ಪಂಜುಗಳನ್ನು ಹಚ್ಚಿಟ್ಟಂತೆ ತೋರುವುದು. ಆರು ಕೇಸರಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಚಾಚಿಕೊಂಡಿರುತ್ತವೆ. ನಡುವಣ ಶಲಾಕೆಯಾದರೋ ಅಂಡಾಶಯವನ್ನು ಬಿಟ್ಟೊಡನೆಯೇ ಮೊಣಕೈಯನ್ನು ಮಡಿಸಿದಂತೆ ಥಟ್ಟನೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಈ ಕೊಂಕನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಭಾದ್ರಪದದ ತದಿಗೆಯ ಗೌರೀಪೂಜೆಗೆ ಸರಿಯಾಗಿ ಅರಳುವುದರಿಂದ ಮಲೆನಾಡಿನವರು ಇದನ್ನು ಗೌರಿಹೂವೆಂದು ಕರೆಯುತ್ತಾರೆ. ಕೋಳಿಕುಟುಮ ಎಂಬುದು ಕನ್ನಡದಲ್ಲಿಯೇ ಇನ್ನೊಂದು ಹೆಸರು. ಸಂಸ್ಕೃತದಲ್ಲಿ ಇದಕ್ಕೆ ಅಗ್ನಿಶಿಖೆಯೆಂದೂ, ಲಾಂಗಲಿಯೆಂದೂ, ಕಲಿಹಾರಿಯೆಂದೂ, ಗರ್ಭಪಾತಿನಿಯೆಂದೂ ಹೆಸರುಗಳುಂಟು. ತಮಿಳಿನ ಪ್ರಾಚೀನ ಸಂಘಕಾಲದ ಕವಿಗಳಿಗೆ ಇದು ಕಾಂದಳ್. ಹೆಣ್ಣಿನ ಬೆರಳುಗಳಿಗೆ ಅವರು ಈ ಎಸಳುಗಳನ್ನು ಹೋಲಿಸಿದ್ದಾರೆ. ಮಲೆಯಾಳದವರು ಮೇಂದೋನ್ನಿಯೆನ್ನುತ್ತಾರೆ, ಸಿಂಹಳದವರು ನಿಯಂಗಲಾ ಎನ್ನುತ್ತಾರೆ. ಹೆಸರುಗಳನ್ನು ಇಷ್ಟಕ್ಕೇ ನಿಲ್ಲಿಸುತ್ತೇನೆ. ಆದರೆ ಇವುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ವರ್ಗೀಕರಣವೆಂಬುದನ್ನು ಗಮನಿಸದೆ ಮುಂದೆ ಹೋಗಲಾಗದು. ಗೌರಿಹೂವೆಂದವರು ಋತುವನ್ನು ನೋಡಿದರು. ಅಗ್ನಿಶಿಖೆಯೆಂದವರು ಎಸಳಿನ ಬಣ್ಣವನ್ನೂ ಆಕಾರವನ್ನೂ ನೋಡಿದರು. ಲಾಂಗಲವೆಂದರೆ ನೇಗಿಲು, ಈ ಗಿಡದ ಗೆಡ್ಡೆಯು ನೇಗಿಲಿನಂತೆ ಕೋನವಾಗಿ ಬಾಗಿರುವುದರಿಂದ ಲಾಂಗಲಿಯೆಂದವರು ಮಣ್ಣನ್ನು ಅಗೆದು ನೋಡಿದವರಾಗಿರಬೇಕು. ಗರ್ಭಪಾತಿನಿಯೆಂದವರು ಗಿಡದ ಗುಣವನ್ನು, ಅದೂ ಬಹುಶಃ ಬಹಳ ಬೆಲೆ ತೆತ್ತು, ಕಂಡುಕೊಂಡವರು. ನಮ್ಮ ವೈದ್ಯಗ್ರಂಥಗಳಲ್ಲಿ ಲಾಂಗಲಿಯನ್ನು ಉಪವಿಷಗಳ ಸಾಲಿನಲ್ಲಿ ಸೇರಿಸಿ, ಶೋಧನೆ ಮಾಡದೆ ಉಪಯೋಗಿಸಬಾರದೆಂದು ಎಚ್ಚರಿಸಿದ್ದಾರೆ.

ಆ ಎಚ್ಚರಿಕೆಯ ಅರ್ಥವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಬಾಲ್ಯದಲ್ಲಿ, ಮಳೆ ಹಿಂದಾದ ಒಂದು ವರ್ಷ, ನಮ್ಮೂರಿನ ಹೊರಗೆ ಬೀಡುಬಿಟ್ಟಿದ್ದ ಕೂಲಿಯವರ ಕುಟುಂಬವೊಂದು ಕಾಡಂಚಿನಲ್ಲಿ ಗೆಡ್ಡೆಗಳನ್ನು ಅಗೆದು, ಗೆಣಸೆಂದು ಭಾವಿಸಿ, ಬೇಯಿಸಿ ತಿಂದಿತು. ರಾತ್ರಿಯೇ ವಾಂತಿಭೇದಿಗಳು ಮೊದಲಾದುವು. ಊರಿನವರು ಕಾಲರಾ ಬಂತೆಂದು ಹೆದರಿ ದೂರ ನಿಂತರು. ಮೂರನೆಯ ದಿನ ಮನೆಯ ಯಜಮಾನನು ತೀರಿಕೊಂಡನು. ಕಡಮೆ ತಿಂದಿದ್ದ ಅವನ ಮಗನೊಬ್ಬನು, ನನಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಬದುಕಿಕೊಂಡನು. ಆದರೆ ಎರಡು ವಾರಗಳು ಕಳೆಯುವಷ್ಟರಲ್ಲಿ ಅವನ ತಲೆಗೂದಲು ಹಿಡಿಹಿಡಿಯಾಗಿ ಉದುರಿಹೋಗಿ ತಲೆಯು ಬೋಳಾಯಿತು. ದೇವಿಯ ಹೂವಿನ ಬುಡವನ್ನು ಕಿತ್ತುದರಿಂದ ದೇವಿಯು ಮುನಿದು ಮುಡಿಯನ್ನು ತೆಗೆದುಕೊಂಡಳೆಂದು ಊರಿನಲ್ಲಿ ಮಾತಾಯಿತು. ಆ ಬೋಳುತಲೆಯ ಹುಡುಗನ ನೆನಪು ನನ್ನನ್ನು ಬಿಡಲಿಲ್ಲ. ಅವನ ಕೂದಲು ಏತಕ್ಕೆ ಉದುರಿತೆಂಬ ಪ್ರಶ್ನೆಗೆ ಉತ್ತರವು ದೊರೆತದ್ದು ಬಹು ವರ್ಷಗಳ ಅನಂತರ, ಸಸ್ಯಗಳ ವರ್ಗೀಕರಣದ ಚರಿತ್ರೆಯನ್ನು ಓದುತ್ತಿದ್ದಾಗ. ಆ ಚರಿತ್ರೆಗೆ ಈಗ ಬರೋಣ.

೧೬೭೦ರಿಂದ ಏಳು ವರ್ಷ ಕಾಲ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದವನು ಹೆಂಡ್ರಿಕ್ ವಾನ್ ರೀಡ್ ಎಂಬಾತನು. ವೃತ್ತಿಯಿಂದ ಯೋಧ; ಸಸ್ಯಶಾಸ್ತ್ರದ ಪಾಂಡಿತ್ಯವಿದ್ದವನಲ್ಲ. ಮೆಣಸಿನ ವ್ಯಾಪಾರಕ್ಕಾಗಿ ಬಂದ ಕಂಪೆನಿಯ ನೌಕರನಾದ ಇವನಿಗೆ ಮಲಬಾರಿನ ಕಾಡುಗಳ ಸೊಬಗು ಹುಚ್ಚು ಹಿಡಿಸಿತು. ಅಲ್ಲಿನ ಗಿಡಮರಗಳನ್ನೆಲ್ಲ ಚಿತ್ರಸಹಿತವಾಗಿ ವರ್ಣಿಸುವ ಗ್ರಂಥವೊಂದನ್ನು ಸಿದ್ಧಗೊಳಿಸಲು ಅವನು ಕೈಹಾಕಿದನು. ಚಿತ್ರಗಾರರಿದ್ದರು, ಲ್ಯಾಟಿನ್ ಬಲ್ಲವರಿದ್ದರು. ಗಿಡಗಳನ್ನು ಬಲ್ಲವರು ಬೇಕಾಗಿದ್ದರು. ಅವರನ್ನು ಅವನು ಈ ನೆಲದಲ್ಲಿಯೇ ಹುಡುಕಿದನು. ಈಳವರ ವೈದ್ಯಮನೆತನದ ಇಟ್ಟಿ ಅಚ್ಯುತನು ತನ್ನ ಮನೆಯ ತಾಳೆಗರಿಯ ಗ್ರಂಥಗಳಲ್ಲಿದ್ದ ಹೆಸರುಗಳನ್ನೂ ಗುಣಗಳನ್ನೂ ಹೇಳಿದನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರು ನಿಘಂಟುಗಳ ಆಧಾರದಿಂದ ಪರಿಶೀಲಿಸಿದರು. ಮಲೆಯಾಳದಲ್ಲಿ ಹೇಳಿದ್ದು ಪೋರ್ಚುಗೀಸಿಗೆ ತಿರುಗಿ, ಅಲ್ಲಿಂದ ಲ್ಯಾಟಿನಿಗೆ ಬಂದು, ಆಂಸ್ಟರ್ಡ್ಯಾಮಿನಲ್ಲಿ ಅಚ್ಚಾಯಿತು. ‘ಹಾರ್ಟಸ್ ಮಲಬಾರಿಕಸ್’ ಎಂಬ ಈ ಗ್ರಂಥದ ೧೨ ಸಂಪುಟಗಳು ೧೬೭೮ರಿಂದ ೧೬೯೩ರವರೆಗೆ ಹೊರಬಂದುವು. ಇಟ್ಟಿ ಅಚ್ಯುತನು ತನ್ನ ಲಿಪಿಯಲ್ಲಿ ೧೬೭೫ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೂ, ಮೂವರು ಪಂಡಿತರು ನಾಗರಿಯಲ್ಲಿ ಬರೆದ ಕೊಂಕಣಿಯ ಪ್ರಮಾಣಪತ್ರವೂ ಮೊದಲನೆಯ ಸಂಪುಟದಲ್ಲಿ ಹಾಗೆಯೇ ಮುದ್ರಿತವಾಗಿವೆ. ತನಗೆ ಕಲಿಸಿದವರ ಹೆಸರನ್ನೂ ಹಸ್ತಾಕ್ಷರವನ್ನೂ ಮರೆಮಾಚದೆ ಗ್ರಂಥದ ಮುಂಭಾಗದಲ್ಲಿಯೇ ಅಚ್ಚುಹಾಕಿಸಿದ ಈ ಸಿಪಾಯಿಯ ದೊಡ್ಡತನವನ್ನು ಅನಂತರ ಬಂದ ಎಷ್ಟೋ ಮಂದಿ ವಿದ್ವಾಂಸರಲ್ಲಿ ನಾನು ಕಂಡಿಲ್ಲ. ಅವನು ೧೬೯೧ರಲ್ಲಿ ಸಮುದ್ರದ ಮೇಲೆಯೇ ತೀರಿಕೊಂಡನು. ಅವನ ಸಮಾಧಿಯು ಸೂರತ್ತಿನಲ್ಲಿದೆ. ಕಡೆಯ ಸಂಪುಟಗಳನ್ನು ಅವನು ಅಚ್ಚಿನಲ್ಲಿ ನೋಡಲಿಲ್ಲ.

ಬಳ್ಳಿಗಳನ್ನು ಕುರಿತ ಏಳನೆಯ ಸಂಪುಟವು ೧೬೮೮ರಲ್ಲಿ ಪ್ರಕಟವಾಯಿತು. ನಮ್ಮ ಗೌರಿಹೂವು ಅದರಲ್ಲಿ ‘ಮೆಂದೋನಿ’ ಎಂಬ ತನ್ನ ಮಲೆಯಾಳದ ಹೆಸರಿನಿಂದಲೇ ಕಾಣಿಸಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ ಯೂರೋಪು ಈ ಹೂವನ್ನು ಕಂಡಿತ್ತು. ಸಿಂಹಳದಲ್ಲಿ ಡಚ್ಚರ ವೈದ್ಯನಾಗಿದ್ದು ಅನಂತರ ಲೈಡನ್ ನಗರದಲ್ಲಿ ಅಧ್ಯಾಪಕನಾದ ಪಾಲ್ ಹೆರ್ಮನ್ ಎಂಬುವನು ೧೬೮೭ರಲ್ಲಿ ಅಲ್ಲಿನ ಸಸ್ಯೋದ್ಯಾನದ ಪಟ್ಟಿಯನ್ನು ಪ್ರಕಟಿಸುತ್ತ, ಇದನ್ನು ‘ಮಲಬಾರಿನವರ ಮೆಥೋನಿಕಾ’ ಎಂದು ಬರೆದನು. ಮೇಂದೋನ್ನಿಗೆ ಲ್ಯಾಟಿನ್ನಿನ ಅಂಗಿಯನ್ನು ತೊಡಿಸಿದರೆ ಮೆಥೋನಿಕಾ ಆಗುತ್ತದೆ; ಅಂಗಿ ಹೊಸದಾದರೂ ಆಸಾಮಿ ನಮ್ಮವನೇ. ಆಂಸ್ಟರ್ಡ್ಯಾಮಿನ ಕಾಮೆಲಿನ್ ಎಂಬ ಮತ್ತೊಬ್ಬ ಪಂಡಿತನು ಹತ್ತು ವರ್ಷಗಳ ಮೇಲೆ ಇದಕ್ಕೆ ‘ಸಿಂಹಳದ ಭವ್ಯ ಲಿಲ್ಲಿ’ ಎಂಬರ್ಥದ ಮೂರು ಪದಗಳ ಲ್ಯಾಟಿನ್ ಹೆಸರನ್ನು ಬಳಸಿದನು. ಹೀಗೆ ಶತಮಾನದ ಕೊನೆಗೆ ಒಂದೇ ಹೂವಿಗೆ ಯೂರೋಪಿನಲ್ಲಿ ಮೂರು ಹೆಸರುಗಳಾದುವು. ಎಲ್ಲ ಗಿಡಗಳ ಪಾಡೂ ಆಗ ಹೀಗೆಯೇ ಇತ್ತು. ಕೆಲವು ಹೆಸರುಗಳಂತೂ ಒಂದೊಂದು ಪುಟ್ಟ ಪ್ರಬಂಧದಷ್ಟು ಉದ್ದವಾಗಿದ್ದುವು.

ಈ ಗೊಂದಲವನ್ನು ನಿವಾರಿಸಲು ಹೊರಟ ಮಹಾನುಭಾವನೇ ಸ್ವೀಡನ್ ದೇಶದ ಲಿನೇಯಸ್. ಪ್ರತಿಯೊಂದು ಸಸ್ಯಕ್ಕೂ ಎರಡೇ ಪದಗಳು ಸಾಕು, ಮೊದಲನೆಯದು ಜಾತಿಯ ಹೆಸರು, ಎರಡನೆಯದು ಪ್ರಭೇದದ ಹೆಸರು ಎಂಬ ಕ್ರಮವನ್ನು ಅವನು ೧೭೫೩ರಲ್ಲಿ ಪ್ರಕಟಿಸಿದ ‘ಸ್ಪೀಷೀಸ್ ಪ್ಲಾಂಟೇರಮ್’ ಎಂಬ ಗ್ರಂಥದಲ್ಲಿ ಸಸ್ಯಲೋಕಕ್ಕೆಲ್ಲ ಅನ್ವಯಿಸಿದನು. ಅವನು ಮಲಬಾರನ್ನು ಕಂಡವನಲ್ಲ, ಸಿಂಹಳವನ್ನೂ ಕಂಡವನಲ್ಲ. ಹೆರ್ಮನ್ ಸಿಂಹಳದಲ್ಲಿ ಒಣಗಿಸಿ ಅಂಟಿಸಿದ್ದ ಗಿಡಗಳ ಪುಸ್ತಕಗಳು ಕೈಯಿಂದ ಕೈಗೆ ಹೋಗಿ ಕೋಪನ್‌ಹೇಗನ್ನಿನ ರಾಜವೈದ್ಯಶಾಲೆಯ ಔಷಧಗಾರನೊಬ್ಬನಲ್ಲಿದ್ದುವು. ಲಿನೇಯಸನು ಅವುಗಳನ್ನು ಎರವು ತಂದು, ಅಭ್ಯಾಸಮಾಡಿ, ೧೭೪೭ರಲ್ಲಿ ಸಿಂಹಳದ ಸಸ್ಯಗಳ ಮೇಲೆ ಗ್ರಂಥವನ್ನೇ ಬರೆದನು. ವಾನ್ ರೀಡನ ಚಿತ್ರಗಳಲ್ಲಿ ಅವನಿಗೆ ಅಪಾರವಾದ ನಂಬಿಕೆಯಿತ್ತು. ತಾನು ಕಣ್ಣಾರೆ ಕಾಣದ ಗಿಡಗಳ ವಿಷಯದಲ್ಲಿ ವಿಶ್ವಾಸಕ್ಕೆ ಅರ್ಹರಾದ ಎರಡು ಮೂರು ಗ್ರಂಥಕಾರರಲ್ಲಿ ಅವನನ್ನೂ ಹೆಸರಿಸಿದ್ದಾನೆ.

ಚಿತ್ರವನ್ನು ನಂಬಿದವನು ಹೆಸರನ್ನು ಮಾತ್ರ ಒಪ್ಪಲಿಲ್ಲ. ಗ್ರೀಕ್ ಅಥವಾ ಲ್ಯಾಟಿನ್ ಮೂಲದಿಂದ ಹುಟ್ಟದ ಜಾತಿನಾಮಗಳೆಲ್ಲ ಅನಾಗರಿಕವಾದುವು, ಅವನ್ನು ತಳ್ಳಿಹಾಕಬೇಕು ಎಂಬುದು ೧೭೩೭ರಷ್ಟು ಹಿಂದೆಯೇ ಅವನು ಸಾರಿದ್ದ ಸೂತ್ರ. ಆ ಸೂತ್ರದಂತೆ ಮೆಂದೋನಿಯೂ ಹೋಯಿತು, ಮೆಥೋನಿಕಾ ಕೂಡ ಹೋಯಿತು. ಅದರ ಸ್ಥಾನದಲ್ಲಿ ‘ವೈಭವಯುಕ್ತವಾದುದು’ ಎಂಬರ್ಥದ ‘ಗ್ಲೋರಿಯೋಸಾ’ ಎಂಬ ಲ್ಯಾಟಿನ್ ಪದವು ಬಂದಿತು. ಕಾಮೆಲಿನ್ನನ ‘ಭವ್ಯ’ ಎಂಬ ವಿಶೇಷಣವು ‘ಸುಪರ್ಬಾ’ ಎಂಬ ರೂಪದಲ್ಲಿ ಎರಡನೆಯ ಪದವಾಗಿ ಉಳಿಯಿತು. ಗ್ಲೋರಿಯೋಸಾ ಸುಪರ್ಬಾ: ವೈಭವದ ಮೇಲೆ ಭವ್ಯತೆ! ಹೊಗಳಿಕೆಯಲ್ಲಿ ಜಿಪುಣತನವನ್ನು ತೋರಿದನೆಂದು ಯಾರೂ ಹೇಳುವಂತಿಲ್ಲ. ಆದರೂ ಹೂವಿನ ಊರನ್ನಾಗಲಿ, ಅದನ್ನು ಬಲ್ಲ ಜನರನ್ನಾಗಲಿ, ಅದರ ವಿಷವನ್ನಾಗಲಿ ಈ ಹೆಸರು ಸೂಚಿಸದು. ಆಸ್ಥಾನದ ಬಿರುದಿನಂತೆ ಅದು ಕಿವಿಗೆ ಇಂಪಾಗಿದೆ, ಅಷ್ಟೇ. ಲಿನೇಯಸನಿಗೆ ಅನ್ಯಾಯವಾಗದಂತೆ ಇನ್ನೊಂದು ಮಾತನ್ನೂ ಹೇಳಬೇಕು. ಎರಡನೆಯ ಪದದ ಸ್ಥಾನದಲ್ಲಿ ದೇಶೀಯ ಹೆಸರುಗಳು ಬರಲು ಅವನ ಅಡ್ಡಿಯಿರಲಿಲ್ಲ. ನಮ್ಮ ಸಂಪಿಗೆಯು ‘ಚಂಪಕ’ವಾಗಿಯೂ, ಆಡುಸೋಗೆಯು ‘ಅಧಾತೋಡ’ವಾಗಿಯೂ ಅವನ ಗ್ರಂಥದಲ್ಲಿ ಸ್ಥಳ ಪಡೆದಿವೆ. ಮುಂಬಾಗಿಲಿನಲ್ಲಿ ಲ್ಯಾಟಿನ್, ಹಿತ್ತಲಿನಲ್ಲಿ ನಾವು.

ಇದನ್ನು ಒಪ್ಪದವರು ಆಗಲೂ ಇದ್ದರು. ಫ್ರಾನ್ಸಿನ ಅಡಾನ್ಸನ್ ಎಂಬ ಪಂಡಿತನು ಯೌವನದಲ್ಲಿ ಆಫ್ರಿಕದ ಸೆನೆಗಾಲಿನಲ್ಲಿದ್ದು ಬಂದವನು. ಒಂದು ದೇಶದ ಗಿಡಕ್ಕೆ ಆ ದೇಶದ ಜನರಿಟ್ಟ ಹೆಸರೇ ಸಾಕೆಂಬ ಒಲವುಳ್ಳವನು. ೧೭೬೩ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅವನು ಗ್ಲೋರಿಯೋಸಾವನ್ನು ಬದಿಗೊತ್ತಿ ‘ಮೆಂದೋನಿ’ಯನ್ನೇ ಜಾತಿನಾಮವಾಗಿ ಹಿಡಿದನು. ಲಾಮಾರ್ಕನಂತಹ ಇತರ ಫ್ರೆಂಚ್ ವಿದ್ವಾಂಸರು ಆ ಶತಮಾನದ ಕೊನೆಯವರೆಗೂ ‘ಮೆಥೋನಿಕಾ ಸುಪರ್ಬಾ’ ಎಂದೇ ಬರೆದರು. ಲಿಲ್ಲಿಗಳ ಚಿತ್ರಗಳಿಗೆ ಪ್ರಸಿದ್ಧನಾದ ರೆದೂತೆಯ ಚಿತ್ರದ ಕೆಳಗೂ ಅದೇ ಹೆಸರಿದೆ. ಅಂದರೆ ಮಲೆಯಾಳದ ಒಂದು ಹಳ್ಳಿಯ ಮಾತು ಪ್ಯಾರಿಸಿನ ಪಂಡಿತರ ನಾಲಗೆಯ ಮೇಲೆ ಸ್ವೀಡನ್ನಿನ ಮಾತಿನೊಡನೆ ಐವತ್ತು ವರ್ಷ ಹೋರಾಡಿತು.

ಕಡೆಗೆ ಅದು ಸೋತದ್ದು ಯೋಗ್ಯತೆಯ ಕೊರತೆಯಿಂದಲ್ಲ, ಕಾಲಗಣನೆಯಿಂದ. ೧೯೦೫ರಲ್ಲಿ ವಿಯೆನ್ನಾ ನಗರದಲ್ಲಿ ಕೂಡಿದ ಸಸ್ಯಶಾಸ್ತ್ರಜ್ಞರ ಮಹಾಸಭೆಯು, ಸಸ್ಯನಾಮಗಳ ಪ್ರಾಶಸ್ತ್ಯವನ್ನು ೧೭೫೩ರಿಂದ ಲೆಕ್ಕಹಾಕತಕ್ಕದ್ದೆಂದು ನಿರ್ಣಯಿಸಿತು. ಆ ವರ್ಷದಿಂದೀಚೆಗೆ ಮೊದಲು ಬಂದ ಹೆಸರಿಗೆ ಪಟ್ಟ. ಆ ವರ್ಷಕ್ಕಿಂತ ಹಿಂದಿನದು ಎಷ್ಟೇ ಹಳೆಯದಾದರೂ ಲೆಕ್ಕಕ್ಕಿಲ್ಲ. ಹೆರ್ಮನ್ನನ ಮೆಥೋನಿಕಾ ಆ ಮುಹೂರ್ತಕ್ಕೆ ಮೊದಲೇ ಹುಟ್ಟಿತ್ತು; ಅಡಾನ್ಸನ್ನನ ಮೆಂದೋನಿ ಹತ್ತು ವರ್ಷ ತಡವಾಗಿ ಹುಟ್ಟಿತು. ಎರಡೂ ಪಟ್ಟಕ್ಕೆ ಬರಲಿಲ್ಲ. ಈ ನಿಯಮವಿಲ್ಲದಿದ್ದರೆ ಇಂದಿಗೂ ಜಗಳ ತೀರುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆ. ಒಂದು ಗಿಡಕ್ಕೆ ಜಗತ್ತಿನಲ್ಲೆಲ್ಲ ಒಂದೇ ಹೆಸರಿರುವುದರ ಉಪಕಾರವನ್ನು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಬೋಧಿಸುತ್ತಲೂ ಇದ್ದೇನೆ. ಆದರೂ ಪಟ್ಟಿಗಳಲ್ಲಿ ‘ಮೆಂದೋನಿ’ಯು ತಿರಸ್ಕೃತ ನಾಮಗಳ ಸಾಲಿನಲ್ಲಿ ಬಿದ್ದಿರುವುದನ್ನು ಕಂಡಾಗ, ಮನೆಯ ಹಳೆಯ ಯಜಮಾನನು ಜಗಲಿಯ ಮೇಲೆ ಕುಳಿತಿರುವುದನ್ನು ಕಂಡಂತಾಗುವುದು.

ಹೆಸರಿನ ವಿಚಾರ ಇಷ್ಟು. ಇನ್ನು ಮನೆತನದ ವಿಚಾರ. ಲಿನೇಯಸನ ವರ್ಗೀಕರಣವು ಹೂವಿನ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸುವ ವಿಧಾನ. ಎಣಿಸಬಲ್ಲ ಹುಡುಗನಾದರೂ ಗಿಡದ ವರ್ಗವನ್ನು ಹೇಳಿಬಿಡಬಹುದು. ಅದರ ಜನಪ್ರಿಯತೆಗೆ ಇದೇ ಕಾರಣ. ಗೌರಿಹೂವಿಗೆ ಆರು ಕೇಸರಗಳು, ಒಂದು ಶಲಾಕೆ. ಆದಕಾರಣ ಷಟ್ಕೇಸರ ವರ್ಗದ ಏಕಶಲಾಕಾ ವಿಭಾಗ. ಸರಿ. ಯೂರೋಪಿನ ಹುಲ್ಲುಗಾವಲುಗಳಲ್ಲಿ ಶರತ್ಕಾಲದಲ್ಲಿ ಎಲೆಯಿಲ್ಲದೆ ನೆಲದಿಂದ ನೇರವಾಗಿ ಅರಳುವ, ನಸುನೇರಳೆ ಬಣ್ಣದ ಕಾಲ್ಚಿಕಮ್ ಎಂಬ ಹೂವೊಂದಿದೆ. ಅದಕ್ಕೂ ಆರು ಕೇಸರಗಳು. ಆದರೆ ಶಲಾಕೆಗಳು ಮೂರು. ಆದಕಾರಣ ಅದು ತ್ರಿಶಲಾಕಾ ವಿಭಾಗಕ್ಕೆ ಹೋಯಿತು. ನೋಟಕ್ಕೂ ಇವೆರಡಕ್ಕೆ ಯಾವ ಹೋಲಿಕೆಯೂ ಇಲ್ಲ: ಒಂದು ಪೊದೆಯನ್ನೇರುವ ಬಳ್ಳಿ, ಇನ್ನೊಂದು ನೆಲಕ್ಕಂಟಿದ ಹೂವು. ಇವೆರಡೂ ಒಡಹುಟ್ಟಿದವುಗಳಿರಬಹುದೆಂದು ಆ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

ಎಣಿಕೆಯಿಂದ ಸಂಬಂಧವು ತಿಳಿಯದೆಂಬುದನ್ನು ಫ್ರೆಂಚರು ಬೇಗ ಅರಿತರು. ಗಿಡದ ಎಲ್ಲ ಲಕ್ಷಣಗಳನ್ನೂ ಒಟ್ಟಾಗಿ ನೋಡಿ ಕುಟುಂಬಗಳನ್ನು ಕಟ್ಟಬೇಕೆಂಬ ಪದ್ಧತಿಯು ಅವರಿಂದ ಬೆಳೆಯಿತು. ಆ ಪದ್ಧತಿಯಲ್ಲಿಯೇ ಡಿ ಕಾಂಡೋಲ್ ಎಂಬ ಜಿನೀವಾದ ಪಂಡಿತನು ೧೮೦೪ರಲ್ಲಿ ಕಾಲ್ಚಿಕಮಿನ ಹೆಸರಿನಿಂದ ಒಂದು ಪ್ರತ್ಯೇಕ ಕುಟುಂಬವನ್ನು ಸ್ಥಾಪಿಸಿದನು. ಆದರೆ ಇಂಗ್ಲೆಂಡಿನ ಬೆಂಥಮ್ ಮತ್ತು ಹೂಕರರ ಮಹಾಗ್ರಂಥವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊರಬಂದಾಗ ಆ ಕುಟುಂಬಕ್ಕೆ ಮನ್ನಣೆ ದೊರೆಯಲಿಲ್ಲ. ಅವರು ಲಿಲ್ಲಿಯ ಕುಟುಂಬವೆಂಬ ಒಂದು ದೊಡ್ಡ ಅವಿಭಕ್ತ ಕುಟುಂಬವನ್ನು ಕಟ್ಟಿ, ಅದರಲ್ಲಿ ಲಿಲ್ಲಿಯನ್ನೂ, ಈರುಳ್ಳಿಯನ್ನೂ, ಶತಾವರಿಯನ್ನೂ, ಲೋಳೆಸರವನ್ನೂ, ಕಾಡು ಈರುಳ್ಳಿಯನ್ನೂ, ಕಾಲ್ಚಿಕಮನ್ನೂ, ನಮ್ಮ ಗೌರಿಹೂವನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳ್ಳಿರಿಸಿದರು. ನಮ್ಮ ದೇಶದ ಸಸ್ಯಗಳನ್ನು ಕುರಿತು ಹೂಕರನು ಬರೆಸಿದ ಗ್ರಂಥವೂ ಅದೇ ದಾರಿಯನ್ನು ಹಿಡಿಯಿತು. ನಮ್ಮ ಕಾಲೇಜುಗಳಲ್ಲಿ ಬಹುಕಾಲದವರೆಗೂ ಕಲಿಸಿದ್ದು ಇದನ್ನೇ.

ಈ ಪಂಕ್ತಿಭೋಜನದ ಪರಿಣಾಮವನ್ನು ನೋಡಿರಿ. ೧೮೮೦ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕನಾದ ವಾರ್ಡನ್ ಎಂಬುವನು ಲಾಂಗಲಿಯ ಗೆಡ್ಡೆಯಿಂದ ಒಂದು ಕಹಿಯಾದ ವಿಷಸತ್ತ್ವವನ್ನು ತೆಗೆದು ‘ಸುಪರ್ಬೈನ್’ ಎಂದು ಹೆಸರಿಟ್ಟನು. ಅದು ಕಾಡು ಈರುಳ್ಳಿಯ ಜಾತಿಯ ಕಹಿಸತ್ತ್ವಕ್ಕೆ ಹತ್ತಿರವಾದುದೆಂದು ಅವನು ಭಾವಿಸಿದನು. ಎರಡು ಗಿಡಗಳೂ ಪುಸ್ತಕದಲ್ಲಿ ಒಂದೇ ಮನೆಯವಾಗಿದ್ದುದು ಅವನ ಈ ಊಹೆಗೆ ಇಂಬುಕೊಟ್ಟಿರಬಹುದೆಂದು ನನ್ನ ಅನುಮಾನ. ಮೂವತ್ತೈದು ವರ್ಷಗಳು ಕಳೆದಮೇಲೆ, ೧೯೧೫ರಲ್ಲಿ, ಲಂಡನ್ನಿನಲ್ಲಿ ಕ್ಲೂಯರ್, ಗ್ರೀನ್, ಟ್ಯೂಟಿನ್ ಎಂಬ ಮೂವರು ರಸಾಯನಜ್ಞರು ಗೆಡ್ಡೆಯನ್ನು ಮತ್ತೆ ಪರೀಕ್ಷಿಸಿದರು. ಅವರಿಗೆ ಸಿಕ್ಕಿದ್ದು ಹೊಸ ವಸ್ತುವಲ್ಲ. ಯೂರೋಪಿನ ವೈದ್ಯರಿಗೆ ಚಿರಪರಿಚಿತವಾದ ಕಾಲ್ಚಿಸೀನ್. ಪೆಲೆಟಿಯೆ, ಕಾವಂತು ಎಂಬ ಫ್ರೆಂಚರು ೧೮೨೦ರಲ್ಲಿ ಕಾಲ್ಚಿಕಮಿನ ಗೆಡ್ಡೆಯಿಂದ ತೆಗೆದಿದ್ದ, ಕೀಲುಗಳ ವಾತರೋಗಕ್ಕೆ ಔಷಧವಾಗಿ ನಡೆದುಬಂದಿದ್ದ ವಿಷ. ಯೂರೋಪಿನ ಹುಲ್ಲುಗಾವಲಿನ ಹೂವೂ ಮಲಬಾರಿನ ಪೊದೆಯ ಬಳ್ಳಿಯೂ ತಮ್ಮ ಗೆಡ್ಡೆಗಳಲ್ಲಿ ಒಂದೇ ಗುಟ್ಟನ್ನು ಅಡಗಿಸಿಕೊಂಡಿದ್ದುವು.

ಆ ಹುಡುಗನ ತಲೆಗೂದಲು ಏಕೆ ಉದುರಿತೆಂಬುದಕ್ಕೆ ಉತ್ತರ ಇಲ್ಲಿದೆ. ಜೀವಕೋಶವು ಎರಡಾಗಿ ಒಡೆಯುವಾಗ ಅದರ ವರ್ಣತಂತುಗಳನ್ನು ಎರಡು ಕಡೆಗೆ ಎಳೆದುಕೊಳ್ಳಲು ಒಳಗೆ ಸೂಕ್ಷ್ಮವಾದ ನೂಲುಗಳು ಏರ್ಪಡುತ್ತವೆ. ಕಾಲ್ಚಿಸೀನ್ ಆ ನೂಲುಗಳನ್ನು ನೇಯಲು ಬಿಡುವುದಿಲ್ಲ. ಕೋಶವು ಒಡೆಯಲಾರದೆ ಅರ್ಧದಲ್ಲಿ ನಿಂತುಬಿಡುತ್ತದೆ. ದೇಹದಲ್ಲಿ ಎಲ್ಲೆಲ್ಲಿ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರಬೇಕೋ ಅಲ್ಲಲ್ಲಿ ಈ ವಿಷದ ಪೆಟ್ಟು ಹೆಚ್ಚು: ಕರುಳಿನ ಒಳಪದರ, ರಕ್ತವು ಹುಟ್ಟುವ ಮೂಳೆಯ ನೆಣ, ಕೂದಲಿನ ಬುಡ. ಮೊದಲು ವಾಂತಿಭೇದಿ, ಬದುಕಿದವರಿಗೆ ಕೆಲವು ದಿನಗಳ ಮೇಲೆ ಬೋಳುತಲೆ. ಇದೇ ಗುಣವನ್ನು ಅಮೆರಿಕದ ಬ್ಲೇಕ್ಸ್‌ಲೀ, ಏವರಿ ಎಂಬ ವಿಜ್ಞಾನಿಗಳು ೧೯೩೭ರಲ್ಲಿ ಸಸ್ಯಗಳ ಮೇಲೆ ಪ್ರಯೋಗಿಸಿ, ವರ್ಣತಂತುಗಳ ಸಂಖ್ಯೆಯು ಇಮ್ಮಡಿಯಾಗುವುದನ್ನು ತೋರಿಸಿದರು. ಹೊಸ ತಳಿಗಳನ್ನು ಮಾಡುವವರಿಗೆ ಅಂದಿನಿಂದ ಅದು ಒಂದು ಸಲಕರಣೆಯಾಯಿತು. ಹುಡುಗನ ಕೂದಲು ಕೆಲವು ತಿಂಗಳುಗಳಲ್ಲಿ ಮತ್ತೆ ಬೆಳೆಯಿತು. ಅವನ ತಾಯಿಯು ಅದನ್ನು ದೇವಿಗೆ ಹರಕೆಯಾಗಿ ಒಪ್ಪಿಸಿದಳು.

ರಸಾಯನಶಾಸ್ತ್ರದ ಈ ಸಾಕ್ಷ್ಯವು ಬಂದಮೇಲೂ ಸಸ್ಯಶಾಸ್ತ್ರದ ನ್ಯಾಯಾಲಯವು ತೀರ್ಪನ್ನು ಕೊಡಲು ಬಹಳ ನಿಧಾನಮಾಡಿತು. ಬುಕ್ಸ್‌ಬೌಮ್ ಎಂಬ ವಿದ್ವಾಂಸನು ೧೯೩೬ರಲ್ಲಿ ಲಿಲ್ಲಿಯ ಕುಟುಂಬದ ಒಳಕವಲುಗಳನ್ನು ವಿಂಗಡಿಸುವಾಗ ಈ ಸಂಬಂಧವನ್ನು ಎತ್ತಿಹಿಡಿದನು. ಸ್ವೀಡನ್ನಿನವನೇ ಆದ ಡಾಲ್‌ಗ್ರೆನ್ ಮತ್ತು ಅವನ ಸಹಕಾರಿಗಳು ೧೯೮೫ರಲ್ಲಿ ಏಕದಳ ಸಸ್ಯಗಳ ಕುಟುಂಬಗಳನ್ನು ಕುರಿತು ಬರೆದ ಗ್ರಂಥದಲ್ಲಿ ಹಳೆಯ ಅವಿಭಕ್ತ ಕುಟುಂಬವನ್ನು ಒಡೆದು ಪಾಲು ಮಾಡಿದರು. ಜೀವಕೋಶದ ವಂಶದ್ರವ್ಯವನ್ನೇ ಓದಿ ಸಂಬಂಧವನ್ನು ಹೇಳುವ ವಿದ್ಯೆಯು ಬಂದಮೇಲೆ, ೧೯೯೮ರಲ್ಲಿ ಅನೇಕ ವಿದ್ವಾಂಸರು ಒಟ್ಟಾಗಿ ಪ್ರಕಟಿಸಿದ ವರ್ಗೀಕರಣವು ಆ ಪಾಲುಪಾರಿಕತ್ತಿಗೆ ಮೊಹರು ಹಾಕಿತು. ಈಗ ಶತಾವರಿಗೆ ಒಂದು ಮನೆ, ಲೋಳೆಸರಕ್ಕೆ ಒಂದು ಮನೆ, ಈರುಳ್ಳಿಗೆ ಮತ್ತೊಂದು ಮನೆ. ಗೌರಿಹೂವು ಕಾಲ್ಚಿಕಮಿನ ಮನೆಯಲ್ಲಿದೆ. ಡಿ ಕಾಂಡೋಲನು ೧೮೦೪ರಲ್ಲಿ ಇಟ್ಟ ಹೆಸರೇ ಆ ಮನೆಗೆ ಉಳಿಯಿತು. ನಮ್ಮ ಘಟ್ಟಗಳ ಹುಲ್ಲುಗಾವಲುಗಳಲ್ಲಿ ಮಳೆಗಾಲದಲ್ಲಿ ಕಪ್ಪುಗೆಂಪು ಬಣ್ಣದ ಸಣ್ಣ ನಕ್ಷತ್ರದಂತೆ ಅರಳುವ ಇಫಿಜೀನಿಯಾ ಎಂಬ ಹೂವೂ ಅದೇ ಮನೆಯದು. ಆಫ್ರಿಕದ ಲಿಟೋನಿಯಾ ಎಂಬ ಹಳದಿ ಹೂವಿನ ಬಳ್ಳಿಗೆ ಹೂಕರನ ತಂದೆಯು ೧೮೫೩ರಲ್ಲಿ ಪ್ರತ್ಯೇಕ ಜಾತಿಯ ಗೌರವವನ್ನು ಕೊಟ್ಟಿದ್ದನು. ೨೦೦೭ರಲ್ಲಿ ಅದನ್ನು ಗ್ಲೋರಿಯೋಸಾದೊಳಕ್ಕೇ ಸೇರಿಸಿಕೊಂಡರು.

ಇಷ್ಟು ದೂರ ಬಂದಮೇಲೆ ಶಲಾಕೆಯ ಕೊಂಕಿನ ಮಾತನ್ನು ಮರೆಯಬಾರದು. ಚಾರ್ಲ್ಸ್ ಡಾರ್ವಿನ್ನನು ಬಳ್ಳಿಗಳ ಚಲನೆಯನ್ನು ಕುರಿತು ೧೮೬೫ರಲ್ಲಿ ಬರೆದಾಗ ಗ್ಲೋರಿಯೋಸಾದ ಎಲೆಯ ತುದಿಯು ಕಡ್ಡಿಯನ್ನು ಹಿಡಿಯುವ ರೀತಿಯನ್ನು ಪರೀಕ್ಷಿಸಿದ್ದನು. ಹೂವಿನ ರಚನೆಯ ಗುಟ್ಟಾದರೋ ಚೆನ್ನಾಗಿ ತಿಳಿದದ್ದು ಈಚೆಗೆ. ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಪರಿಶೀಲನೆಯ ಫಲವು ೨೦೨೦ರಲ್ಲಿ ಪ್ರಕಟವಾಯಿತು. ಹೂವು ಕೆಳಮುಖವಾಗಿರುವುದರಿಂದ ಚಿಟ್ಟೆಯು ಜೇನಿಗಾಗಿ ಒಂದು ಎಸಳಿನ ಬುಡಕ್ಕೆ ಬಂದು ರೆಕ್ಕೆ ಬಡಿಯುವಾಗ, ಸುತ್ತಲೂ ಚಾಚಿರುವ ಪರಾಗಕೋಶಗಳು ರೆಕ್ಕೆಗೆ ತಗಲುತ್ತವೆ. ಪರಾಗವು ಕಾಲಿಗಲ್ಲ, ಮೂತಿಗಲ್ಲ, ರೆಕ್ಕೆಗೆ ಅಂಟುತ್ತದೆ. ಇನ್ನೊಂದು ಹೂವಿನಲ್ಲಿ ಅದೇ ರೆಕ್ಕೆಯು ಪಕ್ಕಕ್ಕೆ ಬಾಗಿದ ಶಲಾಕೆಯ ತುದಿಯನ್ನು ಸವರುತ್ತದೆ. ನೇರವಾಗಿದ್ದ ಶಲಾಕೆಗೆ ರೆಕ್ಕೆಯು ಎಟಕುತ್ತಿರಲಿಲ್ಲ. ಹೊರಕ್ಕೆ ತಿರುಗಿ ನಿಂತಿರುವುದರಿಂದ ತನ್ನದೇ ಹೂವಿನ ಪರಾಗವು ಬೀಳುವುದೂ ಕಡಮೆಯಾಗುತ್ತದೆ.

ಆಫ್ರಿಕದಲ್ಲಿಯೂ ಇದೇ ಪ್ರಭೇದವು ಸಹಜವಾಗಿ ಬೆಳೆಯುತ್ತದೆಂಬುದನ್ನು ಹೇಳಬೇಕು. ಜಿಂಬಾಬ್ವೆ ದೇಶವು ಇದನ್ನು ತನ್ನ ರಾಷ್ಟ್ರಪುಷ್ಪವಾಗಿಯೂ, ನಮ್ಮ ನೆರೆಯ ತಮಿಳುನಾಡು ತನ್ನ ರಾಜ್ಯಪುಷ್ಪವಾಗಿಯೂ ಸ್ವೀಕರಿಸಿವೆ. ಇಷ್ಟು ಮಾನಮರ್ಯಾದೆಗಳ ನಡುವೆ ಕಾಡಿನ ಗಿಡದ ಸ್ಥಿತಿಯು ಸಂತೋಷಕರವಾಗಿಲ್ಲ. ಕಾಲ್ಚಿಸೀನಿಗೆ ಬೆಲೆ ಬಂದಮೇಲೆ ಗೆಡ್ಡೆಗಳನ್ನು ಮೂಟೆಮೂಟೆಯಾಗಿ ಅಗೆದು ಸಾಗಿಸಿದರು. ಬೇಲಿಸಾಲುಗಳನ್ನು ಸವರಿದಲ್ಲೆಲ್ಲ ಬಳ್ಳಿಯೂ ಹೋಯಿತು. ಗೌರಿಯ ಹಬ್ಬಕ್ಕೆ ಈ ಹೂವನ್ನು ತರಲು ನಮ್ಮ ಕಡೆಯ ಮಕ್ಕಳು ಮೊದಲು ಮನೆಯ ಹಿಂದಿನ ಬೇಲಿಗೆ ಹೋಗುತ್ತಿದ್ದರು. ಈಗ ಅರ್ಧ ದಿನ ಅಲೆಯಬೇಕಾಗಿದೆ.

ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಪ್ರಾಂತಗಳ ರೈತರು ಇದನ್ನು ಕಣ್ವಳಿಕ್ಕಿಳಂಗು ಎಂಬ ಹೆಸರಿನಿಂದ ಹೊಲಗಳಲ್ಲಿಯೇ ಬೆಳೆಯತೊಡಗಿದ್ದಾರೆ. ಚಪ್ಪರದಂತೆ ಕಂಬಿಗಳನ್ನು ನಿಲ್ಲಿಸಿ ಬಳ್ಳಿಯನ್ನು ಹಬ್ಬಿಸುತ್ತಾರೆ. ಬೀಜವು ಔಷಧದ ಕಾರ್ಖಾನೆಗಳಿಗೆ ಹೊರದೇಶಗಳಿಗೂ ಹೋಗುತ್ತದೆ. ಗೆಡ್ಡೆಯನ್ನು ಮುಟ್ಟುವಾಗ ತೋರಿಸಬೇಕಾದ ಎಚ್ಚರವು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಹೊಲದಲ್ಲಿ ಹೂವು ಸಾವಿರಾರು, ಚಿಟ್ಟೆಗಳು ಬೆರಳೆಣಿಕೆಯಷ್ಟು. ಕಾಯಿ ಕಚ್ಚುವುದು ಕಷ್ಟ. ಆದಕಾರಣ ಹೂವಿನ ಕಾಲದಲ್ಲಿ ಬೆಳಗಿನ ಜಾವವೇ ಆಳುಗಳು ಸಾಲುಸಾಲಾಗಿ ಹೊಲಕ್ಕಿಳಿದು, ಒಂದು ಹೂವಿನ ಪರಾಗವನ್ನು ತೆಗೆದು, ಇನ್ನೊಂದು ಹೂವಿನ ಆ ಪಕ್ಕಕ್ಕೆ ತಿರುಗಿದ ಶಲಾಕೆಯ ತುದಿಗೆ ಕೈಯಿಂದಲೇ ಸವರುತ್ತ ಹೋಗುತ್ತಾರೆ. ಬಿಸಿಲೇರುವುದರೊಳಗೆ ಆ ಕೆಲಸವು ಮುಗಿಯಬೇಕು. ಮರುದಿನ ಅರಳುವ ಹೂಗಳಿಗೆ ಮರುದಿನ ಮತ್ತೆ ಬರಬೇಕು.